ಮೇಲೆತ್ತುವ ಕೀಲ್‌ನ ಆರೈಕೆ: ಚಂದ್ರಗಿರಿಯ ಅಳಿವೆಯಲ್ಲಿ ಹಾಯಿದೋಣಿ ಇಟ್ಟುಕೊಂಡವರಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯಲ್ಲಿ 12 ನದಿಗಳು ಹರಿಯುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಅಳಿವೆಗಳು ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ರೂಪ ಬದಲಿಸುತ್ತವೆ. ಚಂದ್ರಗಿರಿಯ ಬಾಯಲ್ಲಿ ಕಳೆದ ಬೇಸಗೆಯಲ್ಲಿ ಆಳುದ್ದ ನೀರಿದ್ದ ಜಾಗದಲ್ಲಿ ಈ ಬೇಸಗೆಯಲ್ಲಿ ಮರಳಿನ ದಿಬ್ಬ ಕಂಡರೆ ಇಲ್ಲಿನವರಾರೂ ಬೆರಗಾಗುವುದಿಲ್ಲ. ಇಂತಹ ನೀರಿನಲ್ಲಿ ಸಣ್ಣ ಹಾಯಿದೋಣಿಯನ್ನು ಇಟ್ಟುಕೊಳ್ಳುವವರಿಗೆ ಮೇಲೆತ್ತಲು ಬರುವ ಕೀಲ್, ಅಂದರೆ ದೋಣಿಯಡಿಯ ಭಾರದ ಹಲಗೆ, ಅನುಕೂಲವೆನ್ನುವುದಕ್ಕಿಂತ ಅನಿವಾರ್ಯವೆನ್ನಬೇಕು. ಕಡಲಿನಲ್ಲಿ ಕೆಳಗಿಳಿಸಿದಾಗ ಅದು ದೋಣಿ ಗಾಳಿಗೆ ಮಗುಚದಂತೆಯೂ ಪಕ್ಕಕ್ಕೆ ಸರಿಯದಂತೆಯೂ ತಡೆಯುತ್ತದೆ; ಹೊಳೆಯೊಳಗೆ ಬಂದು ಮೇಲೆತ್ತಿಕೊಂಡರೆ ಅದೇ ದೋಣಿ ಎರಡಡಿ ನೀರಿನಲ್ಲಿ ದಡದ ತೆಂಗಿನ ಬುಡದವರೆಗೂ ಬರುತ್ತದೆ.

ಆದರೆ ಈ ವ್ಯವಸ್ಥೆಯ ಮುಖ್ಯ ಭಾಗಗಳೆಲ್ಲವೂ ಕಣ್ಣಿಗೆ ಕಾಣದ ಜಾಗದಲ್ಲಿರುತ್ತವೆ. ನನ್ನ ದೋಣಿ ಆರು ಮೀಟರಿಗೆ ತುಸು ಕಡಿಮೆ ಉದ್ದದ, ಹಳೆಯ ಫೈಬರ್ ದೋಣಿ. ಅದನ್ನು ಕೊಂಡ ಮೊದಲ ವರ್ಷವೇ ಕೀಲ್ ಎತ್ತುತ್ತಿರುವಾಗ ಉಕ್ಕಿನ ಹಗ್ಗ ತುಂಡಾಯಿತು. ಹಗ್ಗ ಸುತ್ತುವ ಕೈಯಂತ್ರವಾದ ವಿಂಚ್‌ನ ಹಿಡಿಕೆ ಕೈಯಿಂದ ಜಾರಿ ಗರಗರನೆ ತಿರುಗಿ ನನ್ನ ಮುಂಗೈಗೆ ಬಡಿದ ಗುರುತು ಇನ್ನೂ ಉಳಿದಿದೆ. ಅಚ್ಚರಿಯೆಂದರೆ ಹಿಂದಿನ ವಾರವಷ್ಟೇ ನಾನು ಆ ಹಗ್ಗವನ್ನು ನೋಡಿದ್ದೆ, ಅದು ಹೊಸದರಂತೆ ಹೊಳೆಯುತ್ತಿತ್ತು. ತುಂಡಾದದ್ದು ನಾನು ನೋಡಿದ ಭಾಗದಲ್ಲಿ ಆಗಿರಲಿಲ್ಲ. ನೀರಿನಡಿಯಲ್ಲಿ, ಕೀಲ್‌ಗೆ ಕಟ್ಟಿದ ತುದಿಯ ಕುಣಿಕೆಯನ್ನು ಬಿಗಿದು ಹಿಡಿಯುವ ಲೋಹದ ಕೊಳವೆಯಾದ ಫೆರೂಲ್‌ನ ಒಳಗೆ. ಈ ಲೇಖನದಲ್ಲಿ ಹೇಳುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಹೀಗೆ ಕಾಣದ ಜಾಗಗಳನ್ನು ಕಾಲಕಾಲಕ್ಕೆ ಬಿಚ್ಚಿ ಬೆಳಕಿಗೆ ತರುವ ಕೆಲಸಗಳು.

ಮೊದಲು ಹೆಸರುಗಳ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಕನ್ನಡದಲ್ಲಿ ಕೀಲು ಎಂದರೆ ಸಂದು, ತಿರುಗುವ ಜೋಡಣೆ. ದೋಣಿಯ ಕೀಲ್ ಎಂದರೆ ಅಡಿಯಲ್ಲಿ ಇಳಿಬಿದ್ದ ಭಾರದ ಹಲಗೆ. ಎರಡಕ್ಕೂ ಸಂಬಂಧವಿಲ್ಲವಾದರೂ ನಮ್ಮ ಕೀಲ್ ತಿರುಗುವುದು ಒಂದು ಕೀಲಿನ ಮೇಲೆಯೇ ಆದ್ದರಿಂದ ವರ್ಕ್‌ಶಾಪ್‌ನಲ್ಲಿ ಮಾತನಾಡುವಾಗ ತಪ್ಪು ತಿಳಿಯುವ ಸಂಭವವಿದೆ. ಹಾಗಾಗಿ ಇಲ್ಲಿ ಹಲಗೆಗೆ ಕೀಲ್ ಎಂದೂ, ಅದು ತಿರುಗುವ ಜಾಗಕ್ಕೆ ತಿರುಗಣೆ ಎಂದೂ, ಮೇಲೆತ್ತಿದಾಗ ಅದು ಸೇರಿಕೊಳ್ಳುವ ಇಕ್ಕಟ್ಟಾದ ಪೆಟ್ಟಿಗೆಗೆ ಕೀಲ್‌ಗೂಡು ಎಂದೂ ಬರೆಯುತ್ತೇನೆ.

ನಿಮ್ಮ ದೋಣಿಯಲ್ಲಿರುವುದು ಯಾವ ಬಗೆ

ಸಣ್ಣ ದೋಣಿಗಳಲ್ಲಿ ಹೆಚ್ಚಾಗಿ ಕಾಣುವುದು ತೂಗುವ ಕೀಲ್. ಮುಂತುದಿಯಲ್ಲಿ ಒಂದು ದಪ್ಪ ಬೋಲ್ಟ್ ಮೇಲೆ ಅದು ನೇತಾಡುತ್ತದೆ. ಹಿಂಭಾಗದ ಒಂದು ಕೊಂಡಿಗೆ ಕಟ್ಟಿದ ಉಕ್ಕಿನ ಹಗ್ಗವು ಕಪ್ಪಿಯೊಂದರ ಮೇಲೆ ಹಾದು, ರಬ್ಬರ್ ಹೋಸ್‌ನ ಒಳಗಿನಿಂದ ಕ್ಯಾಬಿನ್‌ಗೆ ಬಂದು ವಿಂಚ್‌ಗೆ ಸುತ್ತಿಕೊಳ್ಳುತ್ತದೆ. ಎರಡನೆಯದು ನೆಟ್ಟಗೆ ಮೇಲೆ ಕೆಳಗೆ ಚಲಿಸುವ ಕೀಲ್. ಅದನ್ನು ಕಪ್ಪಿಸರಣಿ, ತಿರುಪು ಜಾಕ್ ಅಥವಾ ಹೈಡ್ರಾಲಿಕ್ ದಂಡ ಎತ್ತುತ್ತದೆ. ನಾನು ಮುಖ್ಯವಾಗಿ ಮೊದಲನೆಯದನ್ನು ಕುರಿತು ಬರೆಯುತ್ತೇನೆ. ಎರಡನೆಯ ಬಗೆಯವರಿಗೆ ತಿರುಗಣೆಯ ಚಿಂತೆಯಿಲ್ಲ. ಅದರ ಬದಲಿಗೆ ಕೀಲ್‌ನ ಇಕ್ಕೆಲಗಳಲ್ಲಿರುವ ಪ್ಲಾಸ್ಟಿಕ್ ಪಟ್ಟಿಗಳು ಸವೆದಿವೆಯೇ, ಜಾಕ್‌ನ ಎಳೆಗಳಲ್ಲಿ ಮರಳು ಸೇರಿದೆಯೇ, ಹೈಡ್ರಾಲಿಕ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆಯೇ ಎಂದು ನೋಡಬೇಕು. ಬೆಳ್ಳಗಾಗಿದ್ದರೆ ಸೀಲ್ ಹಾಳಾಗಿ ನೀರು ಒಳಹೊಕ್ಕಿದೆ ಎಂದೇ ಅರ್ಥ.

ಯಾವ ಕೆಲಸ ಯಾವ ಕಾಲಕ್ಕೆ

ಪತ್ತನಾಜೆ ಬರುವಷ್ಟರಲ್ಲಿ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ದೋಣಿ ದಡದ ಮೇಲೆ ಮಾಡಿನ ಕೆಳಗೆ ಇರಬೇಕು. ಮಳೆಗಾಲದಲ್ಲಿ ದೋಣಿ ಹೇಗೂ ಕೆಲಸವಿಲ್ಲದೆ ಕೂತಿರುತ್ತದೆ, ಎಲ್ಲ ರಿಪೇರಿಯನ್ನೂ ಆಗಲೇ ಮುಗಿಸಿಬಿಡೋಣ ಎಂದು ತೋರುವುದು ಸಹಜ. ನಾನೂ ಎರಡು ವರ್ಷ ಹಾಗೆಯೇ ಮಾಡಿದೆ. ಆಟಿ ತಿಂಗಳಲ್ಲಿ ಕೀಲ್‌ಗೆ ಹಚ್ಚಿದ ಎಪಾಕ್ಸಿ ಬಣ್ಣ ದೀಪಾವಳಿಯ ಹೊತ್ತಿಗೆ ಹಪ್ಪಳದಂತೆ ಎದ್ದು ಬಂತು. ಗಾಳಿಯ ತೇವಾಂಶ ನೂರಕ್ಕೆ 85ನ್ನು ದಾಟಿದಾಗ, ಅಥವಾ ಕಬ್ಬಿಣದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲೆ ಇಲ್ಲದಾಗ ಬಣ್ಣ ಹಚ್ಚಬಾರದೆಂಬುದು ಸಾಮಾನ್ಯ ನಿಯಮ. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಿ ಆ ನಿಯಮಕ್ಕೆ ಹೊಂದುವ ಒಂದು ದಿನ ಸಿಕ್ಕುವುದೂ ಕಷ್ಟ. ಆದ್ದರಿಂದ ಈಗ ಕೆಲಸವನ್ನು ಎರಡಾಗಿ ಒಡೆದಿದ್ದೇನೆ: ಉಕ್ಕಿನ ಹಗ್ಗ, ವಿಂಚ್, ಹೋಸ್ ಇವು ಮಳೆಗಾಲದಲ್ಲಿ, ಕೀಲ್ ಬಿಚ್ಚಿ ತುಕ್ಕು ತೆಗೆದು ಬಣ್ಣ ಹಚ್ಚುವುದು ಜನವರಿಯಲ್ಲಿ, ಬೆಳಗಿನ ಇಬ್ಬನಿ ಆರಿದ ಹತ್ತು ಗಂಟೆಯಿಂದ ಮಧ್ಯಾಹ್ನ ಮೂರರ ಒಳಗೆ.

ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುವುದರಿಂದ ಬಂದರಿನ ಆಸುಪಾಸಿನ ಲೇತ್ ಶಾಪ್‌ಗಳೂ ವೆಲ್ಡರುಗಳೂ ಆಗ ಮೀನುಗಾರಿಕೆ ದೋಣಿಗಳ ಕೆಲಸದಲ್ಲಿ ಮುಳುಗಿರುತ್ತಾರೆ. ಹೊಟ್ಟೆಪಾಡಿನ ದೋಣಿಗಳ ನಡುವೆ ಹವ್ಯಾಸಿಯೊಬ್ಬನ ಬುಷ್‌ಗೆ (ತಿರುಗಣೆಯ ಬೋಲ್ಟ್ ಸುತ್ತ ಕೂರುವ ಒಳಬಳೆ) ಸರದಿ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ಲೇತ್ ಕೆಲಸವಿದ್ದರೆ ವಿಷುವಿಗೆ ಮುಂಚೆಯೇ ಕೊಟ್ಟುಬಿಡಿ.

ದೋಣಿಯನ್ನು ಎತ್ತಿ ನಿಲ್ಲಿಸುವುದು

ಈ ವರ್ಗದ ದೋಣಿಯ ಎರಕದ ಕಬ್ಬಿಣದ ಕೀಲ್ 250 ಕೆ.ಜಿ.ಯವರೆಗೂ ತೂಗಬಹುದು. ಅದನ್ನು ಪೂರ್ತಿ ಇಳಿಸಿ ಬಿಚ್ಚಬೇಕಾದರೆ ದೋಣಿಯ ತಳ ನೆಲದಿಂದ ಕೀಲ್‌ನ ಉದ್ದಕ್ಕಿಂತ ಹೆಚ್ಚು ಎತ್ತರದಲ್ಲಿರಬೇಕು, ಇಲ್ಲವೇ ನೆಲದಲ್ಲಿ ಹೊಂಡ ತೋಡಬೇಕು. ನದಿದಂಡೆಯ ಮರಳಿನಲ್ಲಿ ತೋಡಿದ ಹೊಂಡ ಕುಸಿಯುತ್ತದೆ. ಗಟ್ಟಿಯಾದ ಕೆಂಪುಕಲ್ಲಿನ ಅಂಗಳವಾದರೆ ಅಂಚು ನಿಲ್ಲುತ್ತದೆ. ಕಾಸರಗೋಡಿನ ಪ್ರತಿ ಅಂಗಳದಲ್ಲೂ ನಾಲ್ಕಾರು ಕೆಂಪುಕಲ್ಲುಗಳು ಬಿದ್ದಿರುತ್ತವೆ ಎಂಬುದೇ ಇಲ್ಲಿನ ದೊಡ್ಡ ಅಪಾಯವೂ ಹೌದು. ಅವನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ನೇರವಾಗಿ ದೋಣಿಯನ್ನು ಕೂರಿಸಬೇಡಿ. ಗೋಡೆಯಲ್ಲಿ ಹರಡಿದ ಭಾರವನ್ನು ಹೊರುವ ಆ ಕಲ್ಲು, ಒಂದೇ ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ಮೂಲೆಯಲ್ಲಿ ಪುಡಿಯಾಗುತ್ತದೆ, ಮಳೆಯಲ್ಲಿ ನೆನೆದಿದ್ದರೆ ಇನ್ನೂ ಬೇಗ. ಭಾರ ಹೊರುವ ಜಾಗದಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಜೋಡಿಸಿ, ದೋಣಿಯ ಮೈ ತಾಗುವಲ್ಲಿ ಹಳೆಯ ಟೈರಿನ ತುಂಡನ್ನು ಇಡಿ.

ದೋಣಿ ನಿಂತ ಮೇಲೆ ಕೀಲ್‌ನ ಅಡಿಗೆ ಒಂದು ಜಾಕ್ ಕೊಟ್ಟು, ಹಿಂತುದಿಯನ್ನು ಚೈನ್ ಬ್ಲಾಕ್‌ಗೆ ಕಟ್ಟಿ ಭಾರವನ್ನು ಅವೆರಡಕ್ಕೆ ವರ್ಗಾಯಿಸಿ. ಆಮೇಲೆಯೇ ವಿಂಚ್‌ನ ಹಗ್ಗವನ್ನು ಸಡಿಲಿಸಬೇಕು. ಜಾಕ್ ಎಂಬುದು ಎತ್ತುವ ಸಾಧನ. ಹೊತ್ತು ನಿಲ್ಲುವ ಕೆಲಸವನ್ನು ಮರದ ದಿಮ್ಮಿಗೇ ಬಿಡಬೇಕು. ಕೀಲ್‌ನ ಅಡಿಗೆ ತಲೆಯನ್ನಾಗಲಿ, ಕೀಲ್‌ಗೂಡಿನ ಸೀಳಿಗೆ ಬೆರಳನ್ನಾಗಲಿ ಒಯ್ಯುವ ಕೆಲಸ ಯಾವ ಹಂತದಲ್ಲೂ ಬರುವುದಿಲ್ಲ. ಬಂದಂತೆ ಕಂಡರೆ ನೀವು ತಪ್ಪು ದಾರಿಯಲ್ಲಿ ಕೆಲಸ ಮಾಡುತ್ತಿದ್ದೀರಿ. ಈ ಕೆಲಸಕ್ಕೆ ಕನಿಷ್ಠ ಇಬ್ಬರು ಬೇಕು.

ಉಕ್ಕಿನ ಹಗ್ಗ

ವಿಂಚ್‌ನ ಹಗ್ಗ ಸಾಮಾನ್ಯವಾಗಿ 5 ಅಥವಾ 6 ಮಿ.ಮೀ. ದಪ್ಪದ, 7×19 ಹೆಣಿಗೆಯ ಸ್ಟೇನ್‌ಲೆಸ್ ಹಗ್ಗ; ಅಂದರೆ ಏಳು ಎಳೆಗಳು, ಒಂದೊಂದು ಎಳೆಯಲ್ಲಿ 19 ತಂತಿಗಳು. 316 ದರ್ಜೆಯ 5 ಮಿ.ಮೀ. ಹಗ್ಗ ಹೊಸದಾಗಿದ್ದಾಗ ಸುಮಾರು 1.2 ಟನ್ ಭಾರಕ್ಕೆ ತುಂಡಾಗುತ್ತದೆ. 250 ಕೆ.ಜಿ. ಕೀಲ್‌ಗೆ ಇದು ಐದು ಪಟ್ಟು ಹತ್ತಿರದ ಸುರಕ್ಷತೆ. ಕಾಗದದ ಮೇಲೆ ಸಾಕೆನಿಸುವ ಈ ಲೆಕ್ಕ ಎರಡು ಕಾರಣಗಳಿಂದ ಕರಗುತ್ತಾ ಹೋಗುತ್ತದೆ. ಒಂದು, ಕಪ್ಪಿಯ ವ್ಯಾಸ. ಇಂತಹ ಹಗ್ಗ ಹಾಯುವ ಕಪ್ಪಿ ಹಗ್ಗದ ದಪ್ಪಕ್ಕಿಂತ ಕನಿಷ್ಠ 16 ಪಟ್ಟು, ಅಂದರೆ 5 ಮಿ.ಮೀ. ಹಗ್ಗಕ್ಕೆ 80 ಮಿ.ಮೀ. ಇದ್ದರೆ ಒಳ್ಳೆಯದು, ಆದರೆ ಸಣ್ಣ ದೋಣಿಯ ತಳದಲ್ಲಿ ಅಷ್ಟು ಜಾಗ ಸಿಗದೆ ಅದರ ಅರ್ಧದಷ್ಟು ಕಪ್ಪಿಯನ್ನು ಹಾಕಿರುತ್ತಾರೆ. ಚಿಕ್ಕ ಕಪ್ಪಿಯ ಮೇಲೆ ಮತ್ತೆ ಮತ್ತೆ ಬಾಗಿ ನೇರವಾಗುವ ತಂತಿ ಒಳಗಿನಿಂದ ದಣಿಯುತ್ತದೆ. ಎರಡು, ನೀರಿನಡಿಯ ಫೆರೂಲ್. ಸ್ಟೇನ್‌ಲೆಸ್ ಉಕ್ಕು ಹೊಳೆಯುವುದು ಗಾಳಿಯ ಆಮ್ಲಜನಕದಿಂದ ಅದರ ಮೈಮೇಲೆ ಕಟ್ಟುವ ತೆಳು ಪೊರೆಯ ಬಲದಿಂದ. ಫೆರೂಲ್‌ನ ಒಳಗೆ ಉಪ್ಪುನೀರು ನಿಂತು ಆಮ್ಲಜನಕ ತೀರಿಹೋದ ಜಾಗದಲ್ಲಿ ಆ ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ, ಸಂದಿನ ತುಕ್ಕು ಆರಂಭವಾಗುತ್ತದೆ. ನನ್ನ ಹಗ್ಗ ಹೋದದ್ದು ಹೀಗೆಯೇ.

ಪರೀಕ್ಷಿಸುವಾಗ ಹಗ್ಗದ ಪೂರ್ತಿ ಉದ್ದವನ್ನು ಹೊರಗೆಳೆದು, ಹತ್ತಿಬಟ್ಟೆಯೊಂದನ್ನು ಅದರ ಸುತ್ತ ಹಿಡಿದು ನಿಧಾನವಾಗಿ ಎಳೆಯಿರಿ. ಮುರಿದ ತಂತಿಯ ತುದಿ ಇದ್ದರೆ ಬಟ್ಟೆಯನ್ನು ಕಚ್ಚುತ್ತದೆ. ಬರಿಗೈಯಲ್ಲಿ ಎಳೆದರೆ ಕೈಯನ್ನೂ ಕಚ್ಚುತ್ತದೆ, ಆದ್ದರಿಂದ ಚರ್ಮದ ಕೈಗವಸು ಇರಲಿ. ಕಪ್ಪಿಯ ಮೇಲೆ ಕೂರುವ ಭಾಗವನ್ನು ಬಾಗಿಸಿ ಒಳಗಿನ ತಂತಿಗಳ ನಡುವೆ ಕಂದು ಪುಡಿ ಉದುರುವುದೇ ಎಂದು ನೋಡಿ. ಫೆರೂಲ್‌ನ ಬಾಯಲ್ಲಿ ಕಂದು ಕಲೆ ಇಣುಕಿದರೆ ಮತ್ತೇನನ್ನೂ ನೋಡಬೇಕಾಗಿಲ್ಲ. ಕಟ್ಟಡದ ಕ್ರೇನ್‌ಗಳಲ್ಲಿ ಇಷ್ಟು ತಂತಿ ಮುರಿದರೆ ಮಾತ್ರ ಹಗ್ಗ ಬದಲಿಸಬೇಕೆಂಬ ಲೆಕ್ಕಗಳಿವೆ. ದೋಣಿಯಲ್ಲಿ ನಾನು ಒಂದು ತಂತಿ ಮುರಿದರೂ ಹಗ್ಗವನ್ನು ಬದಲಿಸುತ್ತೇನೆ, ಏನೂ ಮುರಿಯದಿದ್ದರೂ ಮೂರು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಮೂರೋ ನಾಲ್ಕೋ ಮೀಟರ್ ಹಗ್ಗದ ಬೆಲೆಯನ್ನು ಕೀಲ್‌ಗೂಡು ಒಡೆದರೆ ಬರುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಇದು ಜಿಪುಣತನ ತೋರುವ ಜಾಗವಲ್ಲ.

ಹೊಸ ಹಗ್ಗದ ತುದಿಯಲ್ಲಿ ಕುಣಿಕೆಯ ಒಳಗೆ ಹಗ್ಗ ಸವೆಯದಂತೆ ಕಾಯುವ ಸ್ಟೇನ್‌ಲೆಸ್ ಬಳೆ, ಅಂದರೆ ತಿಂಬಲ್, ಇರಲೇಬೇಕು. ಫೆರೂಲ್ ತಾಮ್ರದ್ದಾಗಿರಲಿ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ಫೆರೂಲ್ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಜೊತೆ ಸೇರಿದಾಗ ತಾನೇ ಕರಗಿ ಬಿಳಿ ಪುಡಿಯಾಗುತ್ತದೆ. ಕೀಲ್‌ನ ಕೊಂಡಿಗೆ ಜೋಡಿಸುವ ಶ್ಯಾಕಲ್‌ನ ಪಿನ್ನನ್ನು ಬಿಗಿದ ಮೇಲೆ ತೆಳುವಾದ ಸ್ಟೇನ್‌ಲೆಸ್ ತಂತಿಯಿಂದ ಕಟ್ಟಿಬಿಡಿ. ಸ್ಪ್ಲಿಟ್ ಪಿನ್ ಇರುವ ಜೋಡಣೆಯಾದರೆ ಪ್ರತಿ ಸಲವೂ ಹೊಸ ಪಿನ್ ಹಾಕಬೇಕು, ಒಮ್ಮೆ ಬಾಗಿಸಿದ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬಾರದು.

ಉಕ್ಕಿನ ಬದಲು ಡೈನೀಮಾ ಎಂಬ ಕೃತಕ ನಾರಿನ ಹಗ್ಗ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಅದಕ್ಕೆ ತುಕ್ಕಿಲ್ಲ, ದಪ್ಪಕ್ಕೆ ಹೋಲಿಸಿದರೆ ಶಕ್ತಿಯೂ ಹೆಚ್ಚು. ಆದರೆ ಉಕ್ಕಿನ ಹಗ್ಗ ವರ್ಷಗಟ್ಟಲೆ ಉಜ್ಜಿ ಗೀರು ಹಾಕಿದ ಕಪ್ಪಿಯ ಮೇಲೆ ಅದನ್ನು ಹಾಯಿಸಿದರೆ ಒಂದೇ ಋತುವಿನಲ್ಲಿ ನವೆದುಹೋಗುತ್ತದೆ. ಕಪ್ಪಿಯನ್ನೂ ಹೋಸ್‌ನ ಬಾಯಿಯ ಅಂಚನ್ನೂ ನುಣುಪು ಮಾಡಲು ಸಿದ್ಧರಿದ್ದರೆ ಮಾತ್ರ ಆ ದಾರಿ.

ವಿಂಚ್ ಮತ್ತು ಹೋಸ್

ವಿಂಚ್‌ನ ಹಲ್ಲುಗಾಲಿಗಳಿಗೆ ಗ್ರೀಸ್, ಅವು ಹಿಂದಕ್ಕೆ ತಿರುಗದಂತೆ ತಡೆಯುವ ರ‍್ಯಾಚೆಟ್ ನಾಲಿಗೆಯ ಪಿನ್ನಿಗೆ ಎರಡು ಹನಿ ಎಣ್ಣೆ. ನಾಲಿಗೆಯ ಸ್ಪ್ರಿಂಗ್ ಸಣಕಲಾಗಿದ್ದರೆ, ಅಥವಾ ನಾಲಿಗೆಯ ಮೊನೆ ದುಂಡಗಾಗಿದ್ದರೆ ಬದಲಿಸಿ. ಕೈ ಬಿಟ್ಟರೂ ಭಾರವನ್ನು ತಾನೇ ಹಿಡಿದು ನಿಲ್ಲಿಸುವ ಬ್ರೇಕ್ ವಿಂಚ್ ನಿಮ್ಮದಾಗಿದ್ದರೆ ಅದರ ಘರ್ಷಣೆ ಬಿಲ್ಲೆಗಳಿಗೆ ಎಣ್ಣೆಯ ಕೈ ಸಹ ತಾಗಬಾರದು. ಉದಾರವಾಗಿ ಗ್ರೀಸ್ ಬಳಿದ ಬ್ರೇಕ್ ವಿಂಚ್ ಎಂದರೆ ಬ್ರೇಕ್ ಇಲ್ಲದ ವಿಂಚ್ ಎಂದೇ ತಿಳಿಯಬೇಕು. ಕೀಲ್ ಪೂರ್ತಿ ಕೆಳಗಿಳಿದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಮೂರು ಸುತ್ತು ಹಗ್ಗ ಉಳಿದಿರಬೇಕು, ಏಕೆಂದರೆ ಹಗ್ಗವನ್ನು ನಿಜವಾಗಿ ಹಿಡಿದಿರುವುದು ಆ ಸುತ್ತುಗಳ ಘರ್ಷಣೆಯೇ ಹೊರತು ತುದಿಯ ಸಣ್ಣ ತಿರುಪಲ್ಲ.

ಹೋಸ್ ಕುರಿತು ಹೇಳುವುದು ಕಡಿಮೆ, ಆದರೆ ದೋಣಿ ಮುಳುಗಿಸುವ ಶಕ್ತಿ ಅದಕ್ಕೇ ಹೆಚ್ಚು. ಹಗ್ಗ ಒಳಬರುವ ಆ ರಬ್ಬರ್ ಕೊಳವೆಯ ಕೆಳತುದಿ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಅದು ಬಿರಿದರೆ, ಅಥವಾ ಕ್ಲಿಪ್ ಸಡಿಲಾಗಿ ಕಳಚಿದರೆ, ತಳದಲ್ಲಿ ಹೆಬ್ಬೆರಳಿಗಿಂತ ದೊಡ್ಡ ರಂಧ್ರ ತೆರೆದಂತೆಯೇ. ಹೋಸನ್ನು ಬೆರಳುಗಳ ನಡುವೆ ಹಿಸುಕಿ ಬಾಗಿಸಿ ನೋಡಿ. ಮೈಮೇಲೆ ಸಣ್ಣ ಬಿರುಕುಗಳ ಜಾಲ ಕಂಡರೆ ಆ ದಿನವೇ ಬದಲಿಸಿ. ಒಳಗೆ ನೂಲಿನ ಹೆಣಿಗೆ ಇರುವ ದಪ್ಪ ಹೋಸ್ ಬೇಕು, ತೋಟದ ಪೈಪ್ ಆಗದು. ಎರಡೂ ತುದಿಗಳಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಿಪ್ ಹಾಕಿ, ತಿರುಪೂ ಸ್ಟೇನ್‌ಲೆಸ್ಸೇ ಎಂದು ಅಯಸ್ಕಾಂತ ಹಿಡಿದು ನೋಡಿ. ಪಟ್ಟಿ ಮಾತ್ರ ಸ್ಟೇನ್‌ಲೆಸ್ ಆಗಿದ್ದು ತಿರುಪು ಮಾಮೂಲಿ ಉಕ್ಕಿನದಾದರೆ ಅದು ಆ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ.

ತಿರುಗಣೆಯ ಬೋಲ್ಟ್ ಮತ್ತು ಬುಷ್

ಲಂಗರು ಹಾಕಿ ಮಲಗಿದಾಗ ಅಡಿಯಿಂದ ಟಕ್ ಟಕ್ ಎಂದು ಸದ್ದು ಕೇಳಿಸಿದರೆ ಅದು ತಿರುಗಣೆ ಸವೆದ ಸುದ್ದಿ. ಕೀಲ್ ಕೆಳಗಿಳಿದ ಸ್ಥಿತಿಯಲ್ಲಿ, ದೋಣಿ ದಿಮ್ಮಿಗಳ ಮೇಲೆ ಭದ್ರವಾಗಿರುವಾಗ, ಅದರ ತುದಿಯನ್ನು ಪಕ್ಕಕ್ಕೆ ತಳ್ಳಿ ಎಷ್ಟು ಅಲುಗಾಡುತ್ತದೆ ಎಂದು ಅಳೆಯಿರಿ. ಇಲ್ಲಿ ಗಾಬರಿಯಾಗುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಬೇಕು. ತಿರುಗಣೆಯಲ್ಲಿ ಕೀಲ್ 30 ಮಿ.ಮೀ. ದಪ್ಪವಿದ್ದು, ಬೋಲ್ಟ್ ಹಾಗೂ ಬುಷ್ ನಡುವೆ ಅರ್ಧ ಮಿ.ಮೀ. ಸಡಿಲವಿದ್ದರೆ, 1.2 ಮೀಟರ್ ಕೆಳಗಿನ ತುದಿ ಎರಡೂ ಕಡೆಗೆ ಸುಮಾರು 20 ಮಿ.ಮೀ.ನಷ್ಟು ಓಡಾಡುತ್ತದೆ. ಹಾಗಾಗಿ ತುದಿಯ ಓಡಾಟ ದೊಡ್ಡದಾಗಿ ಕಂಡರೂ ಸವೆತ ಚಿಕ್ಕದೇ ಇರಬಹುದು. ತೀರ್ಪು ಕೊಡಬೇಕಾದದ್ದು ಬೋಲ್ಟನ್ನು ಹೊರತೆಗೆದು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದ ಮೇಲೆ. ವರ್ಷದಿಂದ ವರ್ಷಕ್ಕೆ ತುದಿಯ ಓಡಾಟ ಎಷ್ಟು ಹೆಚ್ಚಿತು ಎಂಬ ದಾಖಲೆ ಇಟ್ಟುಕೊಂಡರೆ ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಕೆಲವು ದೋಣಿಗಳಲ್ಲಿ ಬೋಲ್ಟ್ ಕೀಲ್‌ಗೂಡಿನ ಎರಡು ಗೋಡೆಗಳನ್ನೂ ತೂರಿ ಹೋಗುತ್ತದೆ. ಅದರ ತಲೆ ಮತ್ತು ನಟ್ಟು ಕ್ಯಾಬಿನ್‌ನ ಒಳಗೆ ಕಾಣುತ್ತವೆ, ವಾಷರ್‌ಗಳು ನೀರು ತಡೆಯುತ್ತವೆ. ಇನ್ನು ಕೆಲವುಗಳಲ್ಲಿ ತಳದ ಕೆಳಗಿನಿಂದ ಬಿಗಿದ ಎರಡು ಹಿಡಿಕೆ ಪಟ್ಟಿಗಳ ನಡುವೆ ಬೋಲ್ಟ್ ಇರುತ್ತದೆ. ಎರಡನೆಯ ಬಗೆಯಲ್ಲಿ ಬೋಲ್ಟ್‌ಗಿಂತಲೂ ಆ ಪಟ್ಟಿಗಳನ್ನು ತಳಕ್ಕೆ ಹಿಡಿದ ತಿರುಪುಗಳನ್ನು ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ಒಂದನ್ನಾದರೂ ಪೂರ್ತಿ ಹೊರತೆಗೆದು ನೋಡಿ. ತಲೆ ಹೊಳೆಯುತ್ತಿದ್ದು, ಫೈಬರ್‌ನೊಳಗೆ ಹುದುಗಿದ ನಡುಭಾಗ ಇಲಿ ಕಡಿದಂತೆ ಸಣ್ಣಗಾಗಿದ್ದರೆ ಎಲ್ಲವನ್ನೂ ಬದಲಿಸಬೇಕು.

ಬೋಲ್ಟನ್ನು ಸುತ್ತಿಗೆಯಿಂದ ನೇರವಾಗಿ ಹೊಡೆದು ತೆಗೆಯಬೇಡಿ, ಎಳೆಗಳು ಜಜ್ಜಿಹೋಗುತ್ತವೆ. ನಟ್ಟನ್ನು ತುದಿಯವರೆಗೆ ಸಡಿಲಿಸಿ, ಗಟ್ಟಿಮರದ ತುಂಡನ್ನು ಅಡ್ಡವಿಟ್ಟು ತಟ್ಟಿ. ಅಲುಗಾಡದಿದ್ದರೆ ಕೀಲ್‌ನ ಭಾರ ಇನ್ನೂ ಬೋಲ್ಟ್ ಮೇಲೆಯೇ ಇದೆ ಎಂದರ್ಥ. ಜಾಕನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ ನೋಡಿ. ನನಗೆ ಒಂದು ಇಡೀ ಮಧ್ಯಾಹ್ನ ಹಿಡಿದ ಈ ಪಾಠವನ್ನು ಪಕ್ಕದ ಬಲೆದೋಣಿಯ ಹಿರಿಯರೊಬ್ಬರು ಬೀಡಿ ಸೇದುತ್ತಾ ಕೂತಲ್ಲಿಂದಲೇ, "ಮೋನೇ, ಭಾರ ತೆಗೆದು ನೋಡು" ಎಂದು ಮೂರೇ ಮಾತಿನಲ್ಲಿ ಹೇಳಿ ಮುಗಿಸಿದರು.

ಬೋಲ್ಟ್‌ನ ವ್ಯಾಸವನ್ನು ಸವೆದ ಜಾಗದಲ್ಲೂ ಸವೆಯದ ಜಾಗದಲ್ಲೂ, ಎರಡು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ ಅರ್ಧ ಮಿ.ಮೀ. ದಾಟಿದ್ದರೆ ಅಥವಾ ಮೈಯಲ್ಲಿ ಗುಳಿಗಳು ಬಿದ್ದಿದ್ದರೆ ಹೊಸ ಬೋಲ್ಟ್ ಬೇಕು. ಕೀಲ್‌ನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದನ್ನು ದೊಡ್ಡದು ಮಾಡಿಸಿ ಹೊಸ ಬುಷ್ ಕೂರಿಸಬೇಕು. ಇಲ್ಲಿ ಲೋಹದ ಆಯ್ಕೆಯಲ್ಲಿ ತಪ್ಪುವವರೇ ಹೆಚ್ಚು. ಹಿತ್ತಾಳೆ ಬೇಡ, ಉಪ್ಪುನೀರು ಅದರೊಳಗಿನ ಸತುವನ್ನು ಮಾತ್ರ ಕರಗಿಸಿ ಒಯ್ದು, ಗುಲಾಬಿ ಬಣ್ಣದ ಪೊಳ್ಳು ತಾಮ್ರವನ್ನು ಉಳಿಸುತ್ತದೆ. ಕಂಚೇ ಬೇಕು, ಆದರೆ ಎಲ್ಲ ಕಂಚೂ ಒಂದಲ್ಲ. ನೆರೆಯ ಕಣ್ಣೂರು ಜಿಲ್ಲೆಯ ಕುಞಿಮಂಗಲದ ಎರಕದವರ ಕೈಚಳಕ ಹೆಸರಾಂತದ್ದು. ಆದರೆ ಗಂಟೆ ಎರೆಯುವ ಕಂಚಿನಲ್ಲಿ ತವರದ ಪಾಲು ಐದರಲ್ಲೊಂದು ಅಥವಾ ಅದಕ್ಕಿಂತ ಹೆಚ್ಚು ಇರುವುದರಿಂದ ಅದು ಇಂಪಾಗಿ ದನಿಗೊಟ್ಟರೂ ಪೆಟ್ಟಿಗೆ ಸೀಳುತ್ತದೆ. ಬುಷ್‌ಗೆ ಬೇಕಾದದ್ದು ಫಾಸ್ಫರ್ ಬ್ರಾಂಜ್ ಅಥವಾ ಗನ್‌ಮೆಟಲ್. ಪ್ಲಾಸ್ಟಿಕ್ ಬುಷ್ ಹಾಕುವುದಾದರೆ ಅಸಿಟಾಲ್ ಒಳ್ಳೆಯದು. ಲೇತ್ ಶಾಪ್‌ನಲ್ಲಿ ಕೇಳಿದೊಡನೆ ನೈಲಾನ್ ಸರಳನ್ನು ತೆಗೆದುಕೊಡುತ್ತಾರೆ. ನೈಲಾನ್ ನೀರು ಹೀರಿ ಉಬ್ಬುತ್ತದೆ, ದಡದಲ್ಲಿ ಸರಾಗವಾಗಿ ತಿರುಗಿದ ಕೀಲ್ ನೀರಿಗಿಳಿದ ಎರಡು ವಾರಕ್ಕೆ ಹಿಡಿದುಕೊಳ್ಳುತ್ತದೆ.

ಪ್ಲಾಸ್ಟಿಕ್ ಬುಷ್‌ಗೆ ಗ್ರೀಸ್ ಹಚ್ಚುವ ಅಗತ್ಯವಿಲ್ಲ, ನೀರೇ ಅದಕ್ಕೆ ಎಣ್ಣೆ. ಮುಚ್ಚಳವಿಲ್ಲದ ತಿರುಗಣೆಗೆ ಗ್ರೀಸ್ ಬಳಿದರೆ ಹೊಳೆಯ ನುಣ್ಣನೆಯ ಮರಳು ಅದರಲ್ಲಿ ಸೇರಿಕೊಂಡು ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಮತ್ತು ನಟ್ಟಿನ ಎಳೆಗಳಿಗೆ ಮಾತ್ರ ಆಂಟಿ-ಸೀಜ್ ಪೇಸ್ಟ್ ಹಚ್ಚಬೇಕು, ಇಲ್ಲದಿದ್ದರೆ ಬಿಗಿಯುವಾಗಲೇ ಅವೆರಡೂ ಬೆಸೆದುಕೊಳ್ಳಬಹುದು. ನೈಲಾನ್ ಉಂಗುರದ ಲಾಕ್ ನಟ್ಟನ್ನು ಪ್ರತಿ ಸಲವೂ ಹೊಸದಾಗಿ ಹಾಕಿ.

ಕಬ್ಬಿಣದ ಮೈ, ಬಣ್ಣ, ಆನೋಡ್

ಎರಕದ ಕಬ್ಬಿಣದ ಕೀಲ್ ತುಕ್ಕು ಹಿಡಿಯುವುದನ್ನು ಪೂರ್ತಿ ತಡೆಯುವ ಉಪಾಯವಿಲ್ಲ, ನಿಧಾನಗೊಳಿಸುವ ಉಪಾಯವಿದೆ. ಸಡಿಲ ಪದರವನ್ನು ಉಳಿಯಿಂದ ಕೆತ್ತಿ, ಗ್ರೈಂಡರ್‌ನಿಂದ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ಗುಳಿಗಳೊಳಗಿನ ಉಪ್ಪನ್ನು ಸಿಹಿನೀರಿನಿಂದ ತಿಕ್ಕಿ ತೊಳೆಯಬೇಕು. ಈ ತೊಳೆಯುವಿಕೆಯನ್ನು ಬಿಟ್ಟವರ ಬಣ್ಣ ಎಷ್ಟೇ ದುಬಾರಿಯದಾದರೂ ಉಳಿಯುವುದಿಲ್ಲ. ಕಡಲಂಚಿನ ಮನೆಗಳ ಬಾವಿನೀರು ಬೇಸಗೆ ಏರಿದಂತೆ ಸವುಳಾಗುತ್ತದೆ; ನಾಲಿಗೆಗೆ ತುಸು ಉಪ್ಪೆನಿಸಿದರೂ ಆ ನೀರು ಬೇಡ. ಬಾಯಾರು, ಎಣ್ಮಕಜೆಯ ಕಡೆ ನೆಂಟರಿರುವವರು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಎರಡು ಕ್ಯಾನ್ ತಂದರೆ ಈ ಕೆಲಸಕ್ಕೆ ಸಾಕು. ತೊಳೆದು ಒರೆಸಿ ಬಿಸಿಗಾಳಿಯಲ್ಲಿ ಒಣಗಿಸಿದ ತಕ್ಷಣ ಮತ್ತೊಮ್ಮೆ ಉಜ್ಜಿ, ಒಂದೆರಡು ಗಂಟೆಯೊಳಗೆ ಮೊದಲ ಕೋಟ್ ಎಪಾಕ್ಸಿ ಪ್ರೈಮರ್ ಬಿದ್ದಿರಬೇಕು. ಊಟ ಮುಗಿಸಿ ಬಂದು ಹಚ್ಚೋಣವೆಂದು ಹೋದರೆ ನಮ್ಮ ಗಾಳಿಯಲ್ಲಿ ಕಿತ್ತಳೆ ಬಣ್ಣ ಆಗಲೇ ಇಣುಕಿರುತ್ತದೆ.

ಒಟ್ಟು ಸುಮಾರು 300 ಮೈಕ್ರಾನ್ ದಪ್ಪ ಬರುವಷ್ಟು ಕೋಟ್‌ಗಳನ್ನು ಹಚ್ಚಿ. ಅಂಚುಗಳಲ್ಲಿ ಬಣ್ಣ ತೆಳುವಾಗಿ ನಿಲ್ಲುವುದರಿಂದ ಅಲ್ಲಿ ಬ್ರಷ್‌ನಿಂದ ಹೆಚ್ಚುವರಿ ಒಂದು ಪಟ್ಟಿ ಎಳೆಯಿರಿ. ಚಿಪ್ಪು ಹಿಡಿಯದಂತೆ ಹಚ್ಚುವ ತಾಮ್ರದ ಬಣ್ಣ ಈ ಎಪಾಕ್ಸಿಯ ಮೇಲೆ ಮಾತ್ರ ಬರಬೇಕು. ಬರಿಯ ಕಬ್ಬಿಣಕ್ಕೆ ತಾಮ್ರ ತಾಗಿದರೆ ಉಪ್ಪುನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಾಗಿ ಕಬ್ಬಿಣವೇ ಕರಗುತ್ತದೆ. ಗುಳಿ ತುಂಬಲು ಪುಟ್ಟಿ ಹಾಕುವಾಗ ಕೀಲ್‌ಗೂಡಿನ ಅಗಲವನ್ನು ಮರೆಯಬಾರದು. ಗೂಡಿನ ಅಗಲವನ್ನು ಮೊದಲೇ ನಾಲ್ಕೈದು ಕಡೆ ಅಳೆದು, ಎರಡೂ ಬದಿ ಕನಿಷ್ಠ 3 ಮಿ.ಮೀ. ಬಿಡುವು ಉಳಿಯುವಂತೆ ನೋಡಿಕೊಳ್ಳಿ.

ಕಬ್ಬಿಣದ ಬದಲು ತಾನು ಕರಗಿ ಅದನ್ನು ಕಾಯುವ ಲೋಹದ ತುಂಡು, ಅಂದರೆ ಆನೋಡ್ ವಿಷಯದಲ್ಲಿ ನಮ್ಮ ಹೊಳೆಗಳದ್ದೇ ಒಂದು ವಿಶೇಷವಿದೆ. ಬೇಸಗೆಯಲ್ಲಿ ಉಬ್ಬರದೊಡನೆ ಕಡಲಿನ ನೀರು ಚಂದ್ರಗಿರಿಯೊಳಗೆ ದೂರದವರೆಗೆ ಏರುತ್ತದೆ. ಮಳೆ ಶುರುವಾದ ಮೇಲೆ ಅಳಿವೆಯ ಹತ್ತಿರವೂ ಹೆಚ್ಚಾಗಿ ಸಿಹಿನೀರೇ. ಸತುವಿನ ಆನೋಡ್ ಉಪ್ಪುನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿ, ಸಿಹಿನೀರಿನಲ್ಲಿ ಮೈಮೇಲೆ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ, ಮತ್ತೆ ಉಪ್ಪು ಬಂದಾಗಲೂ ಸರಿಯಾಗಿ ಎಚ್ಚರಗೊಳ್ಳುವುದಿಲ್ಲ. ಎರಡೂ ನೀರನ್ನು ಕಾಣುವ ದೋಣಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್ ಒಪ್ಪುತ್ತದೆ. ಪ್ಲಾಸ್ಟಿಕ್ ಬುಷ್ ಹಾಕಿದವರು ನೆನಪಿಡಬೇಕಾದದ್ದು, ಬುಷ್ ವಿದ್ಯುತ್ತನ್ನು ತಡೆಯುವುದರಿಂದ ದೋಣಿಯ ಬೇರೆಡೆ ಇರುವ ಆನೋಡ್ ಕೀಲನ್ನು ಕಾಯುವುದಿಲ್ಲ. ಕೀಲ್‌ನ ಮೈಗೇ ಒಂದನ್ನು ಬಿಗಿದು, ಮಲ್ಟಿಮೀಟರ್‌ನಲ್ಲಿ ಎರಡರ ನಡುವೆ 1 ಓಮ್‌ಗಿಂತ ಕಡಿಮೆ ರೋಧ ತೋರಿಸುತ್ತದೆಯೇ ನೋಡಬೇಕು. ಅರ್ಧ ಕರಗಿದ ಆನೋಡನ್ನು ಬದಲಿಸಿ, ಅದರ ಮೇಲೆ ಬಣ್ಣ ಹಚ್ಚಬೇಡಿ.

ಕೀಲ್‌ಗೂಡು ಮತ್ತು ಸಿಕ್ಕಿಕೊಂಡ ಕೀಲ್

ಕೀಲ್ ಹೊರಗಿರುವಾಗ ಗೂಡಿನೊಳಕ್ಕೆ ಟಾರ್ಚ್ ಹಿಡಿದು ನೋಡಿ. ಕೀಲ್ ಬಡಿದು ಫೈಬರ್‌ನ ಬಿಳಿ ನಾರು ಕಾಣುವ ಜಾಗಗಳನ್ನು ಚೆನ್ನಾಗಿ ಒಣಗಿಸಿ, ಎಪಾಕ್ಸಿ ಮತ್ತು ಗಾಜಿನ ಬಟ್ಟೆಯಿಂದ ಮುಚ್ಚಬೇಕು. ಅಲ್ಲಿಂದ ನೀರು ಪದರಗಳೊಳಗೆ ಇಳಿದರೆ ಮುಂದಿನ ದುರಸ್ತಿ ಹತ್ತು ಪಟ್ಟು ದೊಡ್ಡದು. ಗೂಡು ತಳಕ್ಕೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಅದನ್ನು ಬಣ್ಣದ ಬಿರುಕೆಂದು ತಳ್ಳಿಹಾಕದೆ ಉಜ್ಜಿ ಆಳ ನೋಡಿ.

ಕವ್ವಾಯಿ ಹಿನ್ನೀರಿನಲ್ಲಿ ಹಗ್ಗಗಳ ಮೇಲೆ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಜೀವಿಯನ್ನು ಬೆಳೆಸುವವರು ನವೆಂಬರ್–ಡಿಸೆಂಬರ್ ಹೊತ್ತಿಗೆ ಬಿತ್ತಿ ಮಳೆಗೆ ಮುಂಚೆ ಕೊಯ್ಯುತ್ತಾರೆ. ಅದೇ ತಿಂಗಳುಗಳಲ್ಲಿ ಅದೇ ಚಿಪ್ಪುಗಳೂ ಬಾರ್ನಕಲ್‌ಗಳೂ ಬಿತ್ತದೆಯೇ ನಮ್ಮ ಕೀಲ್‌ಗೂಡಿನ ಕತ್ತಲಲ್ಲಿ ಬೆಳೆಯುತ್ತವೆ. ಈ ಅವಧಿಯಲ್ಲಿ ನೀರಿನಲ್ಲೇ ನಿಂತ ದೋಣಿಯ ಕೀಲನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಇಳಿಸಿ ಎತ್ತಬೇಕು. ಗೂಡನ್ನು ಕೆರೆಯಲು ಅಡಕೆ ಮರದ ಉದ್ದನೆಯ ಸೀಳು ಒಳ್ಳೆಯ ಸಾಧನ. ಚಿಪ್ಪನ್ನು ಕೀಳುವಷ್ಟು ಗಟ್ಟಿ, ಬಣ್ಣವನ್ನು ಗೀರದಷ್ಟು ಮೆದು. ಕಬ್ಬಿಣದ ಸಲಾಕೆ ಬೇಡ.

ಇಷ್ಟಾದರೂ ಒಂದು ದಿನ ಕೀಲ್ ಕೆಳಗಿಳಿಯದೆ ಸಿಕ್ಕಿಕೊಳ್ಳಬಹುದು. ಆಗ ಬಹುತೇಕರು ಮಾಡುವ ತಪ್ಪೆಂದರೆ ಇಳಿದೀತು ಎಂಬ ನಿರೀಕ್ಷೆಯಲ್ಲಿ ವಿಂಚನ್ನು ಇನ್ನಷ್ಟು ಸಡಿಲಿಸುತ್ತಾ ಹೋಗುವುದು. ಹಗ್ಗ ಸಡಿಲಾಗಿ ಜೋತುಬಿದ್ದಿರುವಾಗ ಚಿಪ್ಪು ಒಮ್ಮೆಲೇ ಒಡೆದು ಕೀಲ್ ಬಿದ್ದರೆ ಆ ಹೊಡೆತ ಕೀಲ್‌ನ ತೂಕದ ಹಲವು ಪಟ್ಟು ಆಗುತ್ತದೆ. ಹಿಡಿಕೆ ಹಗುರವಾದ ಕ್ಷಣವೇ ನಿಲ್ಲಿಸಿ, ಸಡಿಲವನ್ನು ಹಿಂದಕ್ಕೆ ಸುತ್ತಿ, ಹಗ್ಗ ಬಿಗಿಯಾದ ಮೇಲೆ ಎರಡಿಂಚಿನಷ್ಟು ಮಾತ್ರ ಬಿಟ್ಟು ದೋಣಿಯನ್ನು ಪಕ್ಕಕ್ಕೆ ತೂಗಾಡಿಸಿ. ಬಿಡದಿದ್ದರೆ ದಡಕ್ಕೆ ತಂದು, ಪಕ್ಕದಿಂದ ಅಡಕೆ ಸೀಳು ತೂರಿಸಿ ಕೆರೆಯಿರಿ. ಯಾರೂ ನೀರಿನಲ್ಲಿ ಮುಳುಗಿ ಕೆಳಗಿನಿಂದ ಎಳೆಯುವ ಸಾಹಸಕ್ಕೆ ಇಳಿಯಬಾರದು.

ಮರುಜೋಡಣೆಯ ನಂತರ

ಜೋಡಿಸಿದ ಮೇಲೆ ದಡದಲ್ಲಿಯೇ ಕೀಲನ್ನು ಮೂರು ಸಲ ಪೂರ್ತಿ ಇಳಿಸಿ ಎತ್ತಿ ನೋಡಿ. ಹಗ್ಗ ಡ್ರಮ್ಮಿನ ಮೇಲೆ ಅಡ್ಡಾದಿಡ್ಡಿ ಸುತ್ತದಂತೆ ಮೊದಲ ಸುತ್ತುಗಳನ್ನು ಕೈಯಿಂದ ಒತ್ತಿ ಕೂರಿಸಿ. ಕೆಳಗಿಳಿದ ಕೀಲನ್ನು ಹಿಡಿದಿಡುವ ಲಾಕ್ ಬೋಲ್ಟ್ ಸರಾಗವಾಗಿ ಬಿಗಿಯುತ್ತದೆಯೇ ನೋಡಿ. ಕಡಲಿಗೆ ಹೋಗುವಾಗ ಅದು ಬಿಗಿದಿರಬೇಕು, ಇಲ್ಲದಿದ್ದರೆ ದೋಣಿ ಮಗುಚಿದಾಗ ಕೀಲ್ ಗೂಡಿನೊಳಕ್ಕೆ ಹಿಂದಿರುಗಿ ಬಡಿಯುತ್ತದೆ, ದೋಣಿ ಮತ್ತೆ ನೆಟ್ಟಗಾಗುವುದಿಲ್ಲ. ದಿಬ್ಬಗಳಿರುವ ಹೊಳೆಯೊಳಗೆ ನಾನು ಅದನ್ನು ಸಡಿಲಿಸುತ್ತೇನೆ. ಮರಳಿಗೆ ತಾಗಿದಾಗ ಕೀಲ್ ತಾನೇ ಹಿಂದಕ್ಕೆ ಮಡಚಲಿ, ಹೊಡೆತ ತಿರುಗಣೆಗೆ ಬೀಳದಿರಲಿ ಎಂದು. ನಿಮ್ಮ ದೋಣಿಯ ತಯಾರಕರು ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಲಿ. ನೀರಿಗಿಳಿಸಿದ ಮೊದಲ ಅರ್ಧ ಗಂಟೆ ಹೋಸ್‌ನ ಬಳಿ, ಬೋಲ್ಟ್‌ನ ವಾಷರ್‌ಗಳ ಬಳಿ ಒಣ ಕಾಗದ ಇಟ್ಟು ಕಾಯಿರಿ; ಕಣ್ಣಿಗೆ ಕಾಣದ ಜಿನುಗು ಕಾಗದಕ್ಕೆ ಕಾಣುತ್ತದೆ.

ಕೊನೆಯ ಕೆಲಸ ಹಿಡಿಕೆಯ ಸುತ್ತುಗಳನ್ನು ಎಣಿಸುವುದು. ಕೀಲ್ ಪೂರ್ತಿ ಮೇಲಿನಿಂದ ಪೂರ್ತಿ ಕೆಳಗೆ ಬರಲು ಎಷ್ಟು ಸುತ್ತು ಬೇಕಾಯಿತೆಂದು ವಿಂಚ್‌ನ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿಡಿ, ಕೆಳಗಿಳಿದ ಸ್ಥಿತಿಯಲ್ಲಿ ಹಗ್ಗದ ಮೇಲೆ ಒಂದು ಕೆಂಪು ಗುರುತನ್ನೂ ಹಾಕಿ. ನನ್ನ ದೋಣಿಯಲ್ಲಿ ಆ ಸಂಖ್ಯೆ 41. ಸುತ್ತು 38ಕ್ಕೇ ಹಿಡಿಕೆ ಹಗುರವಾದರೆ ಗೂಡಿನಲ್ಲಿ ಏನೋ ಅಡ್ಡ ನಿಂತಿದೆ. ಮೇಲೆತ್ತುವಾಗ 42 ಆದರೂ ಕೀಲ್ ಪೂರ್ತಿ ಮೇಲೆ ಬಾರದಿದ್ದರೆ ಹಗ್ಗ ಹಿಗ್ಗಿದೆ, ಇಲ್ಲವೇ ಡ್ರಮ್ಮಿನ ಮೇಲೆ ಜಾರಿದೆ.